ರಾಮಕೃಷ್ಣಪುರದ ಗಣಕಕೇಂದ್ರವೂ ಕನ್ನಡದ ಅಕ್ಷರವೂ

ದೆಹಲಿಯ ನೈರುತ್ಯ ದಿಕ್ಕಿನಲ್ಲಿರುವ ರಾಮಕೃಷ್ಣಪುರವು ಕೇಂದ್ರ ಸರ್ಕಾರದ ನೌಕರರ ವಸತಿಗೆಂದು ಹುಟ್ಟಿದ ಬಡಾವಣೆ. ಆರ್.ಕೆ.ಪುರಂ ಎಂಬ ಮೊಟಕು ಹೆಸರೇ ಅದಕ್ಕೆ ನಿಂತುಬಿಟ್ಟಿದೆ. ರಾವ್ ತುಲಾರಾಮ್ ಮಾರ್ಗದ ಬದಿಯಲ್ಲಿ ದೆಹಲಿ ಕರ್ನಾಟಕ ಸಂಘದ ಭವನವಿರುವುದರಿಂದ ರಾಜಧಾನಿಯ ಕನ್ನಡಿಗರ ಮನಸ್ಸಿನಲ್ಲಿ ಈ ಹೆಸರು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ನೆನಪಿನೊಡನೆ ಕೂಡಿಕೊಂಡಿದೆ. ಆದರೆ ಅದೇ ಬಡಾವಣೆಯ ಈಸ್ಟ್ ಬ್ಲಾಕಿನ ಸರ್ಕಾರಿ ಕಟ್ಟಡಗಳಲ್ಲಿ ನೆಲೆಗೊಂಡ ಇನ್ನೊಂದು ಸಂಸ್ಥೆಯ ಮಾತನ್ನು ಕನ್ನಡ ನುಡಿಯ ಆಧುನಿಕ ಚರಿತ್ರೆಯನ್ನು ಬರೆಯುವವರು ಎತ್ತಿದ್ದು ಕಡಮೆ. ಅದು ಕೇಂದ್ರ ಸಂಖ್ಯಾಶಾಸ್ತ್ರ ಇಲಾಖೆಯ ಗಣಕಕೇಂದ್ರ. 1967ರಲ್ಲಿ ಸ್ಥಾಪಿತವಾದ ಈ ಕೇಂದ್ರವು ಸರ್ಕಾರದ ಹಲವು ಇಲಾಖೆಗಳ ಅಂಕಿ-ಅಂಶಗಳನ್ನು ಯಂತ್ರದ ಮೂಲಕ ಸಂಸ್ಕರಿಸಿಕೊಡುವ ಕೆಲಸಕ್ಕೆ ಹುಟ್ಟಿತು. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರ ಸುಮಾರಿಗೆ ಗಣಕಯಂತ್ರ ಬಂದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಯಂತ್ರವು 1960ರಲ್ಲಿ ಸಿದ್ಧವಾಗಿತ್ತು. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂದಿತ್ತು. ಅವೆಲ್ಲ ವಿಜ್ಞಾನಿಗಳ ಯಂತ್ರಗಳು. ರಾಮಕೃಷ್ಣಪುರದ್ದು ಗುಮಾಸ್ತಿಕೆಯ ಯಂತ್ರ. ದಫ್ತರಿನ ಕಾಗದವು ಗಣಕವನ್ನು ಸಂಧಿಸಿದ ಆರಂಭದ ಸ್ಥಳಗಳಲ್ಲಿ ಅದೂ ಒಂದು.

ಅಲ್ಲಿ ನಿಂತ ಯಂತ್ರ ಹನಿವೆಲ್ 400. ಅದರ ಸ್ಮೃತಿಕೋಶದ ಒಂದೊಂದು ಮನೆಯಲ್ಲಿ 48 ಬಿಟ್ಟುಗಳು. ಒಂದು ಅಕ್ಷರಕ್ಕೆ 6 ಬಿಟ್ಟುಗಳಂತೆ ಮನೆಗೆ 8 ಅಕ್ಷರಗಳು. ಆರು ಬಿಟ್ಟುಗಳೆಂದರೆ ಒಟ್ಟು 64 ಸಂಕೇತಗಳಿಗೆ ಮಾತ್ರ ಎಡೆ. ಇಂಗ್ಲಿಷಿನ 26 ದೊಡ್ಡಕ್ಷರಗಳು, 10 ಅಂಕಿಗಳು, ಉಳಿದದ್ದರಲ್ಲಿ ಕೂಡು ಕಳೆ ಮೊದಲಾದ ಚಿಹ್ನೆಗಳು. ಇಂಗ್ಲಿಷಿನ ಸಣ್ಣಕ್ಷರಗಳಿಗೂ ಆ ಮನೆಯಲ್ಲಿ ಪ್ರವೇಶವಿರಲಿಲ್ಲ. ಅಂದಮೇಲೆ ಕನ್ನಡಕ್ಕಾಗಲಿ ನಾಗರಿಗಾಗಲಿ ಜಾಗವೆಲ್ಲಿಯದು? ಇದು ಯಾರ ದ್ವೇಷದಿಂದಲೂ ಆದುದಲ್ಲ. ಯಂತ್ರವನ್ನು ಕಟ್ಟಿದವರ ಲೆಕ್ಕದ ಪುಸ್ತಕದಲ್ಲಿ ಈ ಲಿಪಿಗಳು ಇರಲಿಲ್ಲ, ಅಷ್ಟೆ. ಆದರೆ ಉಪಕರಣವು ತಾನು ಒಪ್ಪಿದ ಅಕ್ಷರಗಳಲ್ಲಿ ಮಾತ್ರವೇ ಜಗತ್ತನ್ನು ಬರೆದುಕೊಳ್ಳುತ್ತದೆಂಬ ಸಂಗತಿ ಅಂದಿನಿಂದ ಈಚಿನ ಚರಿತ್ರೆಗೆಲ್ಲ ಬೀಜವಾಗಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ರಾಮಕೃಷ್ಣಪುರದ ವೆಸ್ಟ್ ಬ್ಲಾಕಿನಲ್ಲಿ ನೆಲೆಸಿದ ಕಚೇರಿಗಳಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ಹಿಂದಿ ನಿರ್ದೇಶನಾಲಯವೂ 1961ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವೂ ಸೇರಿವೆ. ಒಂದರ ಕೆಲಸ ಭಾಷೆಯನ್ನು ಬೆಳೆಸುವುದು, ಇನ್ನೊಂದರ ಕೆಲಸ ಶಾಸ್ತ್ರಗಳಿಗೆ ಭಾರತೀಯ ಪದಗಳನ್ನು ರಚಿಸುವುದು. 1966ರಲ್ಲಿ ‘ಪರಿವರ್ಧಿತ ದೇವನಾಗರಿ’ ಎಂಬ ಯೋಜನೆ ಪ್ರಕಟವಾಯಿತು. ಕನ್ನಡದ ಹ್ರಸ್ವ ಎಕಾರ ಒಕಾರಗಳಂತೆ ನಾಗರಿಯಲ್ಲಿಲ್ಲದ ಧ್ವನಿಗಳಿಗೆ ಹೊಸ ಗುರುತುಗಳನ್ನು ಕೂಡಿಸಿ, ಭಾರತದ ಭಾಷೆಗಳನ್ನೆಲ್ಲ ನಾಗರಿಯಲ್ಲಿ ಬರೆಯಲು ಅನುವು ಮಾಡುವುದು ಅದರ ಉದ್ದೇಶ. ಒಂದೇ ಬಡಾವಣೆಯ ಒಂದು ಬ್ಲಾಕಿನಲ್ಲಿ ದೇಶದ ಭಾಷೆಗಳಿಗೆ ಪದಗಳೂ ಗುರುತುಗಳೂ ತಯಾರಾಗುತ್ತಿದ್ದರೆ, ಇನ್ನೊಂದು ಬ್ಲಾಕಿನಲ್ಲಿ ಆ ಯಾವ ಪದವನ್ನೂ ಬರೆಯಲಾರದ ಯಂತ್ರವು ಹಗಲಿರುಳು ದುಡಿಯುತ್ತಿತ್ತು. ಇವೆರಡೂ ಒಂದನ್ನೊಂದು ಸಂಧಿಸಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದುವು.

ಆ ಕಾಲದ ಪ್ರೋಗ್ರಾಮರನ ಉಪಕರಣಗಳನ್ನು ಕುರಿತು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ಏಕೆಂದರೆ ಅವುಗಳ ಗುರುತೇ ಈಗ ಅಳಿಸಿಹೋಗುತ್ತಿದೆ. ಕನ್ನಡದಲ್ಲಿ ಆತನಿಗೆ ಕ್ರಮವಿಧಿಕಾರನೆಂಬ ಹೆಸರು ಹುಟ್ಟಿದೆಯಾದರೂ ಆಡುವವರ ಬಾಯಲ್ಲಿ ಪ್ರೋಗ್ರಾಮರ್ ಎಂಬುದೇ ಉಳಿದಿದೆ. ಆತನು ಯಂತ್ರದ ಮುಂದೆ ಕೂರುತ್ತಿರಲಿಲ್ಲ. ಮೇಜಿನ ಮೇಲೆ ಅಚ್ಚಾದ ಚೌಕುಳಿ ಕಾಗದವನ್ನು ಹರಡಿ, ಸೀಸದ ಕಡ್ಡಿಯಿಂದ ಒಂದು ಚೌಕಕ್ಕೆ ಒಂದೇ ಅಕ್ಷರದಂತೆ ಕ್ರಮವಿಧಿಯನ್ನು ಬರೆಯುತ್ತಿದ್ದನು. ಅದಕ್ಕೂ ಮುಂಚೆ ಕೆಲಸದ ಹರಿವನ್ನು ಚೌಕ, ವಜ್ರಾಕೃತಿ, ಬಾಣದ ಗುರುತುಗಳಿಂದ ಚಿತ್ರಿಸಿಕೊಳ್ಳುತ್ತಿದ್ದನು. ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ, ಒಂದರ ಅಂಕಿಗೂ ‘ಐ’ ಅಕ್ಷರಕ್ಕೂ ಗೊಂದಲವಾಗದಂತೆ ಅಡ್ಡಗೀಟು ಹಾಕುವ ಪದ್ಧತಿಯಿತ್ತು. ಬರೆದ ಹಾಳೆಯು ರಂಧ್ರ ಕೊರೆಯುವ ವಿಭಾಗಕ್ಕೆ ಹೋಗಿ, ಅಲ್ಲಿ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡಿನಂತೆ ರಂಧ್ರಗಳಾಗಿ ಮಾರ್ಪಡುತ್ತಿತ್ತು. ಕಾರ್ಡಿಗೆ 80 ಕಂಬಸಾಲುಗಳು, 12 ಅಡ್ಡಸಾಲುಗಳು.

ತಪ್ಪು ಹಿಡಿಯಲು ಅಂದು ಇದ್ದ ಉಪಾಯವನ್ನು ಬ್ಯಾಂಕಿನ ಲೆಕ್ಕಿಗರು ಚೆನ್ನಾಗಿ ಮೆಚ್ಚಿಯಾರು. ಒಬ್ಬರು ಕೊರೆದ ಕಾರ್ಡನ್ನು ಇನ್ನೊಬ್ಬರು ಮತ್ತೊಂದು ಯಂತ್ರದಲ್ಲಿಟ್ಟು ಅದೇ ಹಾಳೆಯನ್ನು ನೋಡಿ ಎರಡನೆಯ ಸಲ ಒತ್ತುತ್ತಿದ್ದರು. ಯಂತ್ರವು ಹೊಸ ರಂಧ್ರವನ್ನು ಕೊರೆಯದೆ ಹಳೆಯದರೊಡನೆ ಹೋಲಿಸಿ ನೋಡುತ್ತಿತ್ತು. ಎರಡೂ ಒಂದೇ ಆದರೆ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬೀಳುತ್ತಿತ್ತು. ಭೇದವಿದ್ದರೆ ಆ ಕಂಬಸಾಲಿನ ನೆತ್ತಿಯ ಮೇಲೆ ಬೇರೆ ಕಚ್ಚು. ಇದು ಖಾತೆ ಪುಸ್ತಕದಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಟಿಕ್ಕು ಹಾಕುವ ಕ್ರಮವೇ ಹೊರತು ಬೇರೆಯಲ್ಲ. ಕಾರ್ಡಿನ ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ನೂರಾರು ಸಾಲುಗಳ ಕ್ರಮವೆಲ್ಲ ಕೆಟ್ಟುಹೋಗುವ ಅಪಾಯವಿತ್ತು. ಅದಕ್ಕಾಗಿ ಕಟ್ಟಿನ ಬದಿಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಕಾರ್ಡುಗಳು ಹಿಂದುಮುಂದಾದರೆ ಗೆರೆ ಮುರಿದು ಕಾಣುತ್ತಿತ್ತು. ಒಂದು ಪೆನ್ಸಿಲ್ ಗೆರೆ ಮಾಡುತ್ತಿದ್ದ ಈ ಕೆಲಸಕ್ಕೆ ಇಂದಿನ ಪ್ರೋಗ್ರಾಮರರು ದೊಡ್ಡ ದೊಡ್ಡ ತಂತ್ರಾಂಶಗಳನ್ನೇ ಇಟ್ಟುಕೊಂಡಿದ್ದಾರೆ.

ಕೊರೆದ ಕಟ್ಟನ್ನು ಕಿಟಕಿಯಲ್ಲಿ ಒಪ್ಪಿಸಿ ಬಂದರೆ ಫಲಿತಾಂಶ ದೊರೆಯುವುದು ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ. ಒಂದು ಪೂರ್ಣವಿರಾಮ ತಪ್ಪಿದ್ದರೂ ದಿನವೊಂದು ವ್ಯರ್ಥ. ಆದಕಾರಣ ಕಾಗದದ ಮೇಲೆಯೇ ಯಂತ್ರದಂತೆ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತ ಹೋಗಿ ತಪ್ಪನ್ನು ಮೊದಲೇ ಹಿಡಿಯುವ ಅಭ್ಯಾಸ ಬೆಳೆಯಿತು. ಯಂತ್ರದ ಕಾಲ ತುಟ್ಟಿ, ಮನುಷ್ಯನ ಕಾಲ ಅಗ್ಗವಾಗಿದ್ದ ದಿನಗಳ ಶಿಸ್ತು ಇದು. ಈಗ ಅದು ತಿರುವುಮುರುವಾಗಿದೆ. ಹೊಸ ಕ್ರಮದಲ್ಲಿ ವೇಗವಿದೆ. ಆದರೆ ಬರೆದುದನ್ನು ಒಮ್ಮೆ ಓದಿ ನೋಡುವ ತಾಳ್ಮೆಯ ಮಟ್ಟಿಗೆ ಹಳಬರೇ ಮೇಲು ಎನ್ನದೆ ವಿಧಿಯಿಲ್ಲ.

ದಫ್ತರಿನ ಕೆಲಸಕ್ಕೆ ಅಂದಿನ ಮುಖ್ಯ ಭಾಷೆ ಕೋಬಾಲ್. 1959-60ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅದು ಇಂಗ್ಲಿಷ್ ವಾಕ್ಯಗಳಂತೆ ಓದಿಸಿಕೊಳ್ಳುವ ಭಾಷೆ. ಕಾರ್ಡಿನ ಮೊದಲ 6 ಕಂಬಸಾಲುಗಳು ಕ್ರಮಸಂಖ್ಯೆಗೆ, 7ನೆಯದು ಸೂಚನೆಗೆ, 8ರಿಂದ 72ರ ವರೆಗೆ ವಿಧಿಗೆ ಮೀಸಲು. ವಿಜ್ಞಾನದ ಲೆಕ್ಕಕ್ಕೆ ಫೋರ್ಟ್ರಾನ್. ಕಾನ್ಪುರದ ಪಾಠಗಳಿಂದ ರೂಪುಗೊಂಡ ವಿ. ರಾಜಾರಾಮನ್ ಅವರ ಪ್ರೋಗ್ರಾಮಿಂಗ್ ಪಠ್ಯವು 1969ರಲ್ಲಿ ಹೊರಬಂದ ಮೇಲೆ ವಿದೇಶದ ತುಟ್ಟಿ ಪುಸ್ತಕಗಳಿಗೆ ಕಾಯುವ ಅಗತ್ಯ ತಪ್ಪಿತು. ಉಪಕರಣಗಳ ಚರಿತ್ರೆಯಲ್ಲಿ ಅಗ್ಗದ ಒಳ್ಳೆಯ ಪುಸ್ತಕಕ್ಕೆ ಯಂತ್ರಕ್ಕಿಂತ ಕಡಮೆಯ ಸ್ಥಾನವಿಲ್ಲ.

ಕೋಬಾಲಿನಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಇಂತಿಷ್ಟು ಕಂಬಸಾಲುಗಳೆಂದು ಮೊದಲೇ ಗೊತ್ತುಪಡಿಸಬೇಕು. 20 ಎಂದರೆ 20. ಹೆಸರು ರೋಮನ್ ದೊಡ್ಡಕ್ಷರಗಳಲ್ಲಿಯೇ ಇರಬೇಕು. ಶಂಕರನು ‘ಸಂಕರ’ನಾಗುವುದು ಇಲ್ಲಿಂದ ಮೊದಲಾಯಿತು. 1984ರ ರಂಗರಾಜನ್ ಸಮಿತಿಯ ವರದಿಯಿಂದ ಬ್ಯಾಂಕುಗಳಲ್ಲಿ ಯಂತ್ರೀಕರಣ ಆರಂಭವಾದಾಗಲೂ ಇದೇ ಪದ್ಧತಿ ಬಂದಿತು. ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್ ಬ್ಯಾಂಕುಗಳ ಗ್ರಾಹಕರಲ್ಲಿ ಕನ್ನಡದಲ್ಲಿ ಸಹಿ ಹಾಕುವವರು ಅಸಂಖ್ಯರಿದ್ದರು. ಸಹಿ ಕನ್ನಡದ್ದು, ಖಾತೆ ರೋಮನಿನದು. ಈ ಇಬ್ಬಂದಿಯು ಆಗ ಯಾರಿಗೂ ಅಷ್ಟೇನೂ ತೊಡಕೆನಿಸಲಿಲ್ಲ.

ರಾಜಧಾನಿಯಲ್ಲಿ ಸರ್ಕಾರದ ಗಣಕ ವ್ಯವಹಾರಕ್ಕೆ ಹೊಸ ರೂಪ ಕೊಟ್ಟವರಲ್ಲಿ ಕನ್ನಡಿಗರಾದ ಎನ್. ಶೇಷಗಿರಿಯವರ ಹೆಸರು ಮುಖ್ಯವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಇವರು 1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ, ಅಂದರೆ ಎನ್ಐಸಿಯ, ಸಂಸ್ಥಾಪಕ ಮುಖ್ಯಸ್ಥರು. ಮುಂದೆ ಆ ಕೇಂದ್ರವು ಉಪಗ್ರಹದ ಮೂಲಕ ಜಿಲ್ಲೆ ಜಿಲ್ಲೆಗಳನ್ನು ದೆಹಲಿಗೆ ಕೂಡಿಸಿತು. ಇಲ್ಲಿಗೆ ಕಾರ್ಡಿನ ಯುಗ ಮುಗಿದು, ಪರದೆ ಮತ್ತು ಕೀಲಿಮಣೆಯ ಯುಗ ಮೊದಲಾಯಿತೆನ್ನಬಹುದು. ಜಿಲ್ಲೆಗೆ ಯಂತ್ರ ಹೋದೊಡನೆ ಜಿಲ್ಲೆಯ ಭಾಷೆಯ ಪ್ರಶ್ನೆ ಬಂದೇ ಬಂದಿತು. ದೆಹಲಿಯ ಸಚಿವಾಲಯಕ್ಕೆ ರೋಮನ್ ಸಾಕು. ತಾಲ್ಲೂಕು ಕಚೇರಿಯ ಶಾನುಭೋಗಿಕೆಗೆ ಸಾಲದು.

ಕನ್ನಡದ ಪ್ರವೇಶವಾದುದು ದೆಹಲಿಯಲ್ಲಲ್ಲ, ಮುಂಬಯಿಯಲ್ಲಿ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅನಂತರ ಮುದ್ರಣೋದ್ಯಮದಲ್ಲಿಯೂ ದುಡಿದವರು. ಅಕ್ಷರವನ್ನು ಫಿಲ್ಮಿನ ಮೇಲೆ ಮೂಡಿಸುವ ಯಂತ್ರಗಳು ಬಂದ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಅವುಗಳಿಗೆ ಹೊಂದಿಸುವ ಸಮಸ್ಯೆ ಅವರ ಮುಂದೆ ಬಂದಿತು. ಅನಂತಸುಬ್ಬರಾಯರ ಬೆರಳಚ್ಚು ಯಂತ್ರದ ಕೀಲಿಮಣೆಯು ಕನ್ನಡಕ್ಕೆ ಹಿಂದೆಯೇ ಬಂದಿದ್ದಿತಾದರೂ, ಅದು ಆಕಾರವನ್ನು ಆಶ್ರಯಿಸಿದ ಕೀಲಿಮಣೆ: ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ರಾಯರು ಕಂಡುಕೊಂಡ ದಾರಿ ಧ್ವನಿಯದು. ಬರೆಯುವವನು ಉಚ್ಚಾರದ ಕ್ರಮದಲ್ಲಿ ಧ್ವನಿಗಳನ್ನು ಒತ್ತುತ್ತ ಹೋಗಲಿ; ಆಕಾರವನ್ನು ಕೂಡಿಸುವ ಹೊಣೆ ಯಂತ್ರದ್ದಾಗಲಿ ಎಂಬುದು ಅದರ ತಿರುಳು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ‘ಸ್ತ್ರೀ’ ಎಂಬ ಪದವು ಕಣ್ಣಿಗೆ ಒಂದೇ ಅಕ್ಷರ. ರಾಯರ ಕೀಲಿಮಣೆಯಲ್ಲಿ ಅದಕ್ಕೆ ಒತ್ತತಕ್ಕ ಕೀಲಿಗಳು ಆರು: ಸಕಾರಕ್ಕೆ ಎಸ್, ಕೂಡಿಕೆಗೆ ಎಫ್, ತಕಾರಕ್ಕೆ ಟಿ, ಮತ್ತೆ ಎಫ್, ರಕಾರಕ್ಕೆ ಆರ್, ದೀರ್ಘ ಈಕಾರಕ್ಕೆ ದೊಡ್ಡ ಐ. ಅಲ್ಪಪ್ರಾಣಕ್ಕೆ ಸಣ್ಣ ಅಕ್ಷರವಾದರೆ ಮಹಾಪ್ರಾಣಕ್ಕೆ ಅದೇ ಕೀಲಿಯ ದೊಡ್ಡ ಅಕ್ಷರ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆ ಅಡಗಿತು. ಹಳೆಯ ವೈಯಾಕರಣರು ಸಂಯುಕ್ತಾಕ್ಷರವನ್ನು ಬಿಡಿಸಿ ತೋರಿಸುತ್ತಿದ್ದ ಕ್ರಮವೇ ಇದು. ಶಾಲೆಯ ಹುಡುಗನೂ ‘ಸಕಾರಕ್ಕೆ ತಕಾರದ ಒತ್ತು’ ಎಂದು ಹೇಳಬಲ್ಲ. ಆ ಹಳೆಯ ಜ್ಞಾನವನ್ನು ಯಂತ್ರದ ನಿಯಮವಾಗಿ ಕಂಡುದರಲ್ಲಿ ರಾಯರ ಪ್ರತಿಭೆಯಿದೆ. ತಮ್ಮ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಛಂದಸ್ಸಿನ ಮಹಾವಿದ್ವಾಂಸರೊಬ್ಬರ ಹೆಸರು ತಂತ್ರಾಂಶಕ್ಕೆ ಬಂದದ್ದು ಆಕಸ್ಮಿಕವೆನ್ನಲಾಗದು. ಈ ಕೀಲಿಮಣೆಯೇ ಅಲ್ಪ ವ್ಯತ್ಯಾಸಗಳೊಡನೆ ಕರ್ನಾಟಕ ಸರ್ಕಾರದ ಮನ್ನಣೆ ಪಡೆಯಿತು.

ಅತ್ತ ಕಾನ್ಪುರದ ಐಐಟಿಯಲ್ಲಿ ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು ನಾಗರಿಯನ್ನು ಮುಂದಿಟ್ಟುಕೊಂಡು ಇದೇ ತತ್ತ್ವಕ್ಕೆ ಬಂದಿದ್ದರು. ಅವರ ಶ್ರಮದ ಫಲವಾದ ‘ಜಿಸ್ಟ್’ ತಂತ್ರವು 1988ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ವರ್ಗವಾಯಿತು. ಕಂಪ್ಯೂಟರಿನೊಳಗೆ ಸಿಕ್ಕಿಸುವ ಒಂದು ಹಲಗೆಯೇ ಜಿಸ್ಟ್ ಕಾರ್ಡು. ಪ್ರೋಗ್ರಾಮರನಿಗೆ ಇದರಿಂದಾದ ಉಪಕಾರ ದೊಡ್ಡದು. ತಾನು ಇಂಗ್ಲಿಷಿಗೆಂದು ಬರೆದ ಕ್ರಮವಿಧಿಯನ್ನು ಬಹುಮಟ್ಟಿಗೆ ಬದಲಿಸದೆಯೇ ಅದರಲ್ಲಿ ಕನ್ನಡದ ಹೆಸರುಗಳನ್ನು ತುಂಬಬಹುದಾಗಿತ್ತು. ಅಕ್ಷರವನ್ನು ಬಿಡಿಸುವ ಕೂಡಿಸುವ ಗೋಜೆಲ್ಲ ಹಲಗೆಯದು. ಒಂದೇ ಕಡತವನ್ನು ಕನ್ನಡದಲ್ಲಿಯೂ ನಾಗರಿಯಲ್ಲಿಯೂ ಕೀಲಿಯ ಒತ್ತಿನಿಂದ ಓದಬಹುದಾಗಿತ್ತು.

ಇದರ ಬೆನ್ನಿಗಿದ್ದ ಸಂಕೇತಪಟ್ಟಿ ‘ಇಸ್ಕಿ’. ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆಯು 1988ರಲ್ಲಿ ಅದರ ಒಂದು ರೂಪವನ್ನು ಹೊರಡಿಸಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅದನ್ನು ಐಎಸ್ 13194 ಎಂಬ ಸಂಖ್ಯೆಯಿಂದ ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಿತು. ಅದರಲ್ಲಿ ಕಕಾರಕ್ಕೆ 179 ಎಂಬ ಒಂದೇ ಸಂಖ್ಯೆ. ಕನ್ನಡದ ‘ಕ’ ಆಗಲಿ ಬಂಗಾಳಿಯ ‘ಕ’ ಆಗಲಿ ಸಂಖ್ಯೆ ಒಂದೇ. ಲಿಪಿಯು ಉಡುಪು ಮಾತ್ರ. ವೆಸ್ಟ್ ಬ್ಲಾಕಿನ ಪರಿವರ್ಧಿತ ನಾಗರಿಯ ಆಶಯವು ಇಲ್ಲಿ ಬೇರೊಂದು ವೇಷದಲ್ಲಿ, ಮತ್ತು ಹೆಚ್ಚು ಔದಾರ್ಯದಿಂದ, ಬಂದುದನ್ನು ಕಾಣಬಹುದು. ಅಲ್ಲಿ ಎಲ್ಲರೂ ನಾಗರಿಯನ್ನು ಉಡಬೇಕಾಗಿತ್ತು. ಇಲ್ಲಿ ಅವರವರ ಉಡುಪು ಅವರವರಿಗೆ. ಆದರೂ ಪಟ್ಟಿಯ ಎಲುಬಿನ ಹಂದರ ನಾಗರಿಯದೇ ಆಗಿತ್ತೆಂಬುದನ್ನು ಮರೆಯಲಾಗದು. ಅದರ ಪರಿಣಾಮ ಮುಂದೆ ಬರಲಿದೆ.

ಧ್ವನಿಗೆ ಸಂಖ್ಯೆ ಕೊಡುವ ಈ ಶಾಸ್ತ್ರೀಯ ಮಾರ್ಗವು ಇಷ್ಟು ಬೇಗ ಸಿದ್ಧವಾಗಿದ್ದರೂ ಕನ್ನಡದ ಮುದ್ರಣಲೋಕವು ಬೇರೆ ದಾರಿ ಹಿಡಿಯಿತು. 1990ರ ದಶಕದಲ್ಲಿ ಡಿಟಿಪಿ ಎಂಬುದು ಊರೂರಿಗೂ ಬಂದಿತು. ಅಚ್ಚುಕೂಟದವನಿಗೆ ಬೇಕಾದುದು ಹಾಳೆಯ ಮೇಲೆ ಅಂದವಾದ ಅಕ್ಷರ. ಆತನಿಗಾಗಿ ಶ್ರೀಲಿಪಿ, ಆಕೃತಿ, ಪ್ರಕಾಶಕ ಮೊದಲಾದ ತಂತ್ರಾಂಶಗಳು ಹುಟ್ಟಿದುವು. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ಕಣ್ಣಿಗೆ ಕನ್ನಡವನ್ನು ತೋರಿಸುವುದು ಇವುಗಳ ಉಪಾಯ. ಮೊಳೆ ಜೋಡಿಸುವವನ ಖಾನೆಗಳನ್ನೇ ಯಂತ್ರದೊಳಗೆ ತಂದಂತಾಯಿತು. ಒಬ್ಬೊಬ್ಬ ವರ್ತಕನದು ಒಂದೊಂದು ಖಾನೆಯ ಕ್ರಮ. ಒಬ್ಬನಲ್ಲಿ ಜೋಡಿಸಿದ ಲೇಖನ ಇನ್ನೊಬ್ಬನಲ್ಲಿ ತೆರೆದರೆ ಕಾಣುವುದು ಬರಿಯ ಕಸ. ಸರ್ಕಾರದ ಗುಣಮಟ್ಟಕ್ಕೆ ಸೇರಿದ ಅಕ್ಷರಶೈಲಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದು ನೋಡಿದರೆ, ಕಕಾರದ ಸ್ಥಳದಲ್ಲಿ ಇಂಗ್ಲಿಷಿನ ‘ಪಿ’, ತಲೆಕಟ್ಟಿನ ಸ್ಥಳದಲ್ಲಿ ನೆತ್ತಿಗೆ ಗೀಟು ಹಾಕಿದ ‘ಎ’ ಕಾಣುತ್ತವೆ. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇಲ್ಲ. ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು.

ಇಷ್ಟಾದರೂ ಆ ಯುಗದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ಅಮೆರಿಕದಲ್ಲಿದ್ದುಕೊಂಡು 1998ರಲ್ಲಿ ಹೊರತಂದ ‘ಬರಹ’ವು ಹೊರನಾಡ ಕನ್ನಡಿಗರ ಮನೆಮನೆಗೆ ಕನ್ನಡವನ್ನು ಹಣವಿಲ್ಲದೆ ತಲಪಿಸಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ಯನ್ನು ರೂಪಿಸಿ, ಅಕ್ಷರದ ತುಂಡುಗಳಿಗೆ ಒಂದೇ ಕ್ರಮವನ್ನು ಗೊತ್ತುಮಾಡಿ, ವರ್ತಕರ ಅರಾಜಕತೆಗೆ ಒಂದು ಕೊನೆ ತಂದಿತು. ಯು.ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದು, ಕ್ರಮವಿಧಿಯ ಆಜ್ಞೆಗಳೂ ಕನ್ನಡದಲ್ಲಿರಬಹುದೆಂಬುದನ್ನು ತೋರಿಸಿದರು. ಹೊಸ ಶತಮಾನದ ಆರಂಭದಲ್ಲಿ ಎನ್ಐಸಿಯು ಕರ್ನಾಟಕಕ್ಕಾಗಿ ಸಿದ್ಧಪಡಿಸಿದ ‘ಭೂಮಿ’ ವ್ಯವಸ್ಥೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕನ್ನಡದಲ್ಲಿಯೇ ಯಂತ್ರಕ್ಕೆ ಸೇರಿದುವು. ರೈತನ ಹೆಸರು, ಸರ್ವೆ ನಂಬರು, ಖರಾಬು, ಬೆಳೆ ಎಲ್ಲವೂ ಕನ್ನಡ. ಅಲ್ಲಿ ಬಳಕೆಯಾದುದು ಸಿ-ಡ್ಯಾಕಿನ ಜಿಸ್ಟ್ ಮಾರ್ಗ. ಪಹಣಿಯು ಹುಡುಕತಕ್ಕ ದಾಖಲೆ. ಬರಿಯ ಅಂದದ ಹಾಳೆಯಿಂದ ಅಲ್ಲಿ ಕೆಲಸ ಸಾಗದು. ಅಚ್ಚುಕೂಟಕ್ಕೂ ದಫ್ತರಿಗೂ ಇರುವ ಭೇದ ಇದೇ.

ಈ ಭೇದದಲ್ಲಿ ಕನ್ನಡಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಅಚ್ಚಾದ ಕಾದಂಬರಿ, ಸಂಶೋಧನ ಗ್ರಂಥ, ಅಭಿನಂದನ ಸಂಪುಟ, ಹೊರನಾಡ ಸಂಘಗಳ ಸ್ಮರಣಸಂಚಿಕೆಗಳ ಮೂಲಕಡತಗಳು ಬಹುಪಾಲು ಈ ತುಂಡುಗಳ ಸಂಕೇತದಲ್ಲಿವೆ. ಆ ಅಕ್ಷರಶೈಲಿಯೂ ಅದನ್ನು ನಡೆಸುತ್ತಿದ್ದ ಯಂತ್ರವೂ ಇಲ್ಲವಾದಾಗ ಕಡತವು ಉಳಿದೂ ಓದಲಾಗದು. ತಾಳೆಗರಿಯನ್ನು ಗೆದ್ದಲು ತಿಂದರೂ ಉಳಿದ ಗರಿಯನ್ನು ಓದಬಹುದು. ಇಲ್ಲಿ ಗೆದ್ದಲಿಲ್ಲದೆಯೇ ಎಲ್ಲ ಗರಿಗಳೂ ಏಕಕಾಲಕ್ಕೆ ಮೂಕವಾಗುತ್ತವೆ. ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳನ್ನು ಹಲವರು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಅವು ಬಹುಮಟ್ಟಿಗೆ ಸರಿಯಾಗಿ ತಿರುಗಿಸುತ್ತವೆ. ಒತ್ತಕ್ಷರಗಳಲ್ಲಿಯೂ ಅರ್ಕಾವತ್ತಿನಲ್ಲಿಯೂ ಎಡವುತ್ತವೆ. ಈ ಕೆಲಸವನ್ನು ಸಂಘಸಂಸ್ಥೆಗಳು ತಮ್ಮ ಕಪಾಟುಗಳಿಂದಲೇ ಆರಂಭಿಸಬಹುದು, ತಡವಾದಷ್ಟೂ ಕಷ್ಟ.

ಹೊಸ ಸಂಕೇತವೆಂದರೆ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಲು ಹೊರಟವರು 1991ರ ಮೊದಲ ಆವೃತ್ತಿಯಲ್ಲಿ ಭಾರತದ ಲಿಪಿಗಳಿಗೆ 1988ರ ಇಸ್ಕಿಯನ್ನೇ ಆಧಾರವಾಗಿ ಹಿಡಿದರು. ನಾಗರಿಯ ಕಕಾರಕ್ಕೆ 2325, ಕನ್ನಡದ ಕಕಾರಕ್ಕೆ 3221. ಅಂತರ 896. ಯಾವ ಅಕ್ಷರವನ್ನು ಹಿಡಿದರೂ ಸಾಮಾನ್ಯವಾಗಿ ಇದೇ ಅಂತರ. ಇಸ್ಕಿಯ ಹಂದರವು ಹಾಗೆಯೇ ಉಳಿದಿರುವುದಕ್ಕೆ ಇದೇ ಸಾಕ್ಷಿ. ವಿಂಡೋಸಿನಲ್ಲಿ ಈ ಮಾರ್ಗದ ಕನ್ನಡ ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ. ಕರ್ನಾಟಕ ಸರ್ಕಾರವು ಯೂನಿಕೋಡನ್ನು ಆಡಳಿತದ ಗುಣಮಟ್ಟವಾಗಿ ಒಪ್ಪಿದ್ದು ಅದರ ಮುಂದಿನ ದಶಕದಲ್ಲಿ.

ಇದರಿಂದ ಪ್ರೋಗ್ರಾಮರನ ತೊಡಕುಗಳು ಮುಗಿದುವೆಂದು ತಿಳಿಯಬಾರದು. ಹಳೆಯ ಕೋಬಾಲಿನ 20 ಕಂಬಸಾಲುಗಳ ಹೆಸರನ್ನು ಮತ್ತೊಮ್ಮೆ ನೆನೆಯಬೇಕು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡಿನ ಲೆಕ್ಕದಲ್ಲಿ ಒಂಬತ್ತು ಸಂಕೇತಗಳು. ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟಿನಂತೆ 27 ಬೈಟುಗಳು. 20 ಬೈಟಿನ ಮನೆಯಲ್ಲಿ ಈ ಹೆಸರನ್ನು ತುರುಕಿದರೆ ‘ಶ್ರೀನಿ’ ಮಾತ್ರ ಉಳಿದು, ವಕಾರದ ಮೂರರಲ್ಲಿ ಎರಡು ಪಾಲು ಮುರಿದು ನಿಲ್ಲುತ್ತದೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಅಳತೆ ಮಾಡಿದ ಮನೆಗಳು ಎಷ್ಟು ದಫ್ತರುಗಳಲ್ಲಿ ಇಂದಿಗೂ ಇವೆಯೆಂಬುದು ಅರ್ಧಕ್ಕೆ ಕಡಿದ ಕನ್ನಡ ಹೆಸರುಗಳನ್ನು ಕಂಡವರಿಗೆ ಗೊತ್ತು.

ಇನ್ನು ‘ಕೋಲಾರ’. ಅದರ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕೆಂಬುದು ತಿಳಿದ ಪ್ರೋಗ್ರಾಮರನ ಕ್ರಮ. ತಿಳಿಯದವನ ಪಟ್ಟಿಯಲ್ಲಿ ಎರಡು ಕೋಲಾರಗಳು ಹುಟ್ಟುತ್ತವೆ. ‘ರ‍್ಯಾಂಕು’ ಎಂದು ಬರೆಯುವಾಗ ರಕಾರವು ಅರ್ಕಾವತ್ತಾಗದಂತೆ ಕಣ್ಣಿಗೆ ಕಾಣದ ಒಂದು ಗುರುತನ್ನು ನಡುವೆ ಇಡಬೇಕು. ಇಟ್ಟ ಪದವನ್ನು ಇಡದ ಪದದಿಂದ ಹುಡುಕಿದರೆ ಸಿಕ್ಕದು. ಅಕಾರಾದಿಯ ತೊಂದರೆ ಇದಕ್ಕಿಂತ ಹಳೆಯದು. ಕನ್ನಡದ ಮಗು ವರ್ಣಮಾಲೆಯನ್ನು ‘ಹ, ಳ’ ಎಂದು ಮುಗಿಸುತ್ತದೆ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮುಂಚೆಯೇ ಬಂದಿದೆ. ಬರಿಯ ಸಂಖ್ಯೆಯನ್ನು ನಂಬಿ ಜೋಡಿಸಿದ ನಿಘಂಟು ಕನ್ನಡದ ನಿಘಂಟಾಗದು. ಇದಕ್ಕಾಗಿ ಕನ್ನಡದ ಕ್ರಮವನ್ನು ಪ್ರತ್ಯೇಕವಾಗಿ ಹೇಳಿಕೊಡುವ ನಿಯಮಗಳು ಸಿದ್ಧವಾಗಿವೆ, ಬಳಸುವವರಿಗೆ ಅವು ಇವೆಯೆಂದು ತಿಳಿದಿರಬೇಕು.

ಇವೆಲ್ಲವೂ ಜಾಣತನದಿಂದ ಪರಿಹಾರವಾಗತಕ್ಕ ತೊಡಕುಗಳು. ಪರಿಹಾರವಿಲ್ಲದ್ದು ಒಂದುಂಟು. ಹಳಗನ್ನಡದ ‘ೞ’ಕಾರವನ್ನು ಬಲ್ಲವರು ಬಲ್ಲರು. ಹದಿಮೂರನೆಯ ಶತಮಾನದ ಕೇಶಿರಾಜನು ರಳ, ಕುಳ, ಕ್ಷಳಗಳ ಭೇದವನ್ನು ಎಷ್ಟು ಆಸ್ಥೆಯಿಂದ ವಿವರಿಸಿದ್ದಾನೆಂಬುದು ಶಬ್ದಮಣಿದರ್ಪಣವನ್ನು ಓದಿದವರಿಗೆ ಪರಿಚಿತ. ‘ೞ’ವು ಆ ರಳ. ತಮಿಳು ಮಲಯಾಳಗಳಲ್ಲಿ ಅದರ ಸೋದರಾಕ್ಷರ ಜೀವಂತವಾಗಿದೆ. ಯೂನಿಕೋಡಿನ ಹಂದರದಲ್ಲಿ ಈ ಧ್ವನಿಗೆ ನ್ಯಾಯವಾಗಿ ಬರಬೇಕಾದ ಕನ್ನಡದ ಸ್ಥಾನ 3252. ಆ ಸ್ಥಾನ ಖಾಲಿಯಾಗಿದೆ. ‘ೞ’ವನ್ನು ಒಯ್ದು ಇಟ್ಟಿರುವುದು 3294ರಲ್ಲಿ. ನಾಗರಿಯ ಪಟ್ಟಿಯಲ್ಲಿ ಅದಕ್ಕೆ ಸಮನಾದ 2398ರಲ್ಲಿರುವುದು ಪಕಾರವರ್ಗದ ಅಡಿಯಲ್ಲಿ ಚುಕ್ಕೆಯಿಟ್ಟ ಪಾರಸಿ ‘ಫ’. ಕನ್ನಡದ ‘ೞ’ಕ್ಕೆ ಪಟ್ಟಿಯಲ್ಲಿ ಕೊಟ್ಟ ಹೆಸರೂ ‘ಕನ್ನಡದ ಫಕಾರ’ ಎಂದೇ! ಚಿತ್ರ ರಳದ್ದು, ಹೆಸರು ಫಕಾರದ್ದು. ಕೇಶಿರಾಜನ ಅಕ್ಷರಕ್ಕೆ ಪಾರಸಿಯ ಹೆಸರು ಬಿದ್ದ ಈ ಪ್ರಮಾದವು, ಕನ್ನಡ ಬಲ್ಲವನೊಬ್ಬನು ಅಚ್ಚಿಗೆ ಮುಂಚೆ ಕರಡನ್ನು ನೋಡಿದ್ದರೆ ಉಳಿಯುತ್ತಿರಲಿಲ್ಲ. ಪಂಚಿಂಗ್ ಯಂತ್ರದ ಕಾಲದಲ್ಲಿ ಎರಡನೆಯವರು ಕೂತು ಮತ್ತೆ ಒತ್ತಿ ನೋಡುತ್ತಿದ್ದ ಕ್ರಮ ಇಲ್ಲಿ ತಪ್ಪಿತೆನ್ನಬೇಕು.

ಯೂನಿಕೋಡಿನವರು ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬ ನಿಯಮವನ್ನು ಇಟ್ಟುಕೊಂಡಿದ್ದಾರೆ. ಲೋಕದ ಕ್ರಮವಿಧಿಗಳೆಲ್ಲ ಆ ಹೆಸರನ್ನು ನಂಬಿರುವುದರಿಂದ ನಿಯಮವು ಅನ್ಯಾಯವಲ್ಲ. ಆದಕಾರಣ ತಿದ್ದುಪಡಿಯ ಒಂದು ಉಪನಾಮವನ್ನು ಮಾತ್ರ ಜೊತೆಗೆ ಸೇರಿಸಿ, ಮೂಲದ ತಪ್ಪನ್ನು ಹಾಗೆಯೇ ಉಳಿಸಿದ್ದಾರೆ. ಪಟ್ಟಿಯಲ್ಲಿ ಬಿಟ್ಟುಹೋದ ಅಕ್ಷರಗಳನ್ನು ಹೊಸದಾಗಿ ಸೇರಿಸಲು ಮಾತ್ರ ಅಡ್ಡಿಯಿಲ್ಲ. ಅವಗ್ರಹವೂ ಅಡಿಚುಕ್ಕೆಯೂ 2003ರಲ್ಲಿ ಸೇರಿದುವು. ಹಳೆಯ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರಕ್ಕೆ ಇದ್ದ ಪ್ರತ್ಯೇಕ ರೂಪವಾದ ನಕಾರಪೊಲ್ಲು ‘ೝ’ವು, ಲಿಪಿಯನ್ನು ಬಲ್ಲವರು ಆಧಾರಗಳೊಡನೆ ಅರ್ಜಿ ಬರೆದ ಮೇಲೆ, 2021ರ ಆವೃತ್ತಿಯಲ್ಲಿ ತನ್ನ ಸರಿಯಾದ ಹೆಸರಿನಿಂದಲೇ ಸೇರಿತು. ಅದಕ್ಕೆ ದೊರೆತ ಸ್ಥಾನ 3293. ತಪ್ಪು ಹೆಸರಿನ ‘ೞ’ಕಾರದ ಪಕ್ಕದ ಮನೆ.